ಶೀಲದ ನೆಲೆ: ರಾಬರ್ಟ್ ಓವೆನನ ಜೀವನ ಚರಿತೆ

ಮನೆಯಲ್ಲಿ ಮಗನು ಸುಳ್ಳಾಡಿದರೆ ತಂದೆಯು ಮಗನನ್ನು ಗದರಿಸುವನು. ಹೊಲದಲ್ಲಿ ಆಳು ಕದ್ದರೆ ಒಡೆಯನು ಆಳನ್ನು ಹೊರದೂಡುವನು. ಒಬ್ಬನು ಕುಡಿದು ಬೀದಿಯಲ್ಲಿ ಬಿದ್ದರೆ ಊರವರು ಅವನ ಹುಟ್ಟುಗುಣವನ್ನು ಹಳಿಯುವರು. ತಪ್ಪು ಯಾರದು ಎಂಬ ಪ್ರಶ್ನೆಗೆ ಲೋಕವು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: ಮಾಡಿದವನದು. ಆದರೆ ಆ ಮಗನು ಸುಳ್ಳನ್ನು ಎಲ್ಲಿ ಕಲಿತನು, ಆ ಆಳಿಗೆ ದೊರೆಯುತ್ತಿದ್ದ ಕೂಲಿಯಲ್ಲಿ ಎಷ್ಟು ಹೊಟ್ಟೆಗಳು ತುಂಬಬೇಕಾಗಿದ್ದವು, ಆ ಕುಡುಕನ ಮನೆಯ ಮಗ್ಗುಲಿಗೆ ಸೆರೆಯಂಗಡಿಯನ್ನು ತಂದಿಟ್ಟವರು ಯಾರು ಎಂದು ಕೇಳುವವರು ವಿರಳ. ಇಂತಹ ಪ್ರಶ್ನೆಗಳನ್ನು ಕೇಳುವುದನ್ನೇ ಬಾಳಿನ ಕಾಯಕವಾಗಿಸಿಕೊಂಡು, ಅದಕ್ಕೆ ದೊರೆತ ಉತ್ತರವನ್ನು ಒಂದು ಇಡೀ ಊರಿನಲ್ಲಿ ಪ್ರಯೋಗಿಸಿ ಗೆದ್ದು, ಅದೇ ಉತ್ತರವನ್ನು ಸಮುದ್ರದಾಚೆಗೆ ಒಯ್ದು ಸೋತವನು ರಾಬರ್ಟ್ ಓವೆನ್. ಅವನ ಗೆಲುವಿನಿಂದ ಕಲಿಯತಕ್ಕದ್ದು ಎಷ್ಟಿರುವುದೋ ಸೋಲಿನಿಂದ ಕಲಿಯತಕ್ಕದ್ದೂ ಅಷ್ಟೇ ಇರುವುದು.

ಬ್ರಿಟನ್ ದ್ವೀಪದ ಪಶ್ಚಿಮಕ್ಕಿರುವ ವೇಲ್ಸ್ ಸೀಮೆಯ ನ್ಯೂಟೌನ್ ಎಂಬ ಸಣ್ಣ ಪೇಟೆಯಲ್ಲಿ ೧೭೭೧ನೆಯ ಇಸವಿ ಮೇ ೧೪ರಂದು ಓವೆನನು ಜನಿಸಿದನು. ತಂದೆಯದು ಕುದುರೆಯ ಜೀನುಗಳನ್ನು ಹೊಲಿಯುವ, ಕಬ್ಬಿಣದ ಸಾಮಾನುಗಳನ್ನು ಮಾರುವ ಕಸಬು. ಏಳು ಮಂದಿ ಮಕ್ಕಳಲ್ಲಿ ಇವನು ಆರನೆಯವನು. ಶಾಲೆಗೆ ಎಲ್ಲರಿಗಿಂತಲೂ ಮೊದಲು ಹೋಗಬೇಕೆಂಬ ಹಂಬಲವು ಈ ಹುಡುಗನಿಗೆ ಬಹಳ. ಒಂದು ಮುಂಜಾನೆ ಆ ಅವಸರದಲ್ಲಿ, ಅಂಬಲಿಯಂತೆ ಹಿಟ್ಟಿನಿಂದ ಮಾಡಿದ ಗಂಜಿಯನ್ನು ಆರುವ ಮೊದಲೇ ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟನು. ಒಡಲು ಸುಟ್ಟಿತು, ಪ್ರಜ್ಞೆ ತಪ್ಪಿತು. ಪ್ರಾಣವೇನೋ ಉಳಿಯಿತು; ಆದರೆ ಅಂದಿನಿಂದ ಅವನ ಜೀರ್ಣಶಕ್ತಿ ಕುಂದಿತು. ಯಾವ ಪದಾರ್ಥವು ತನಗೆ ಒಗ್ಗುವುದು, ಯಾವುದು ಒಗ್ಗದು, ಎಷ್ಟು ತಿಂದರೆ ಏನಾಗುವುದು ಎಂಬುದನ್ನು ಹೊತ್ತುಹೊತ್ತಿಗೂ ಗಮನಿಸದೆ ಅವನಿಗೆ ಗತ್ಯಂತರವಿರಲಿಲ್ಲ. ಹೀಗೆ ಕಾರಣಕ್ಕೂ ಕಾರ್ಯಕ್ಕೂ ಇರುವ ನಂಟನ್ನು ನಿಟ್ಟಿಸಿ ನೋಡುವ ಅಭ್ಯಾಸವು ಎಳೆತನದಲ್ಲಿಯೇ ಬೆಳೆಯಿತು. ೧೮೫೭ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ ಎಂಬತ್ತೈದು ದಾಟಿದ ಆ ಮುದುಕನು, ತನ್ನ ಶೀಲವನ್ನು ರೂಪಿಸಿದ ಸಂಗತಿಗಳಲ್ಲಿ ಆ ಒಂದು ಚಮಚ ಗಂಜಿಯನ್ನೂ ಎಣಿಸಿರುವನು. ಮನುಷ್ಯನ ಸ್ವಭಾವವು ಎಷ್ಟು ಅಲ್ಪವಾದ ಕಾರಣದಿಂದ ಯಾವ ಕಡೆಗೆ ತಿರುಗಬಹುದೆಂಬುದಕ್ಕೆ ಅವನು ಕಂಡುಕೊಂಡ ಮೊದಲನೆಯ ದೃಷ್ಟಾಂತವು ಅವನೇ.

ಬುದ್ಧಿಯು ಚುರುಕಾಗಿದ್ದುದರಿಂದ ಏಳನೆಯ ವಯಸ್ಸಿನಲ್ಲಿಯೇ ಉಪಾಧ್ಯಾಯನು ಅವನನ್ನು ಕಿರಿಯ ಮಕ್ಕಳಿಗೆ ಪಾಠ ಹೇಳಲು ನಿಲ್ಲಿಸಿದನು. ಊರಿನ ಪಾದ್ರಿ, ವೈದ್ಯ, ವಕೀಲ ಇವರ ಮನೆಗಳ ಪುಸ್ತಕಗಳು ಅವನಿಗೆ ತೆರೆದಿದ್ದವು. ಹತ್ತನೆಯ ವಯಸ್ಸಿನಲ್ಲಿ ಮನೆಯನ್ನು ಬಿಟ್ಟು ಮೊದಲು ಲಂಡನ್ನಿನಲ್ಲಿದ್ದ ಅಣ್ಣನ ಬಳಿಗೆ, ಅಲ್ಲಿಂದ ಸ್ಟ್ಯಾಮ್‌ಫರ್ಡ್ ಎಂಬ ಊರಿನ ಮ್ಯಾಕ್‌ಗಫಾಗ್ ಎಂಬ ಬಟ್ಟೆ ವ್ಯಾಪಾರಿಯ ಅಂಗಡಿಗೆ ಸೇರಿದನು. ಆ ವರ್ತಕನು ಪ್ರಾಮಾಣಿಕನು. ಹುಡುಗನನ್ನು ಮನೆಯವನಂತೆ ಕಂಡನು. ಬಟ್ಟೆಯ ಗುಣವನ್ನು ಅರಿಯುವುದನ್ನು ಮಾತ್ರವಲ್ಲದೆ, ಗಿರಾಕಿಯನ್ನು ವಂಚಿಸದೆ ಬದುಕಬಹುದೆಂಬುದನ್ನೂ ಓವೆನನು ಅಲ್ಲಿ ಕಲಿತನು. ಮುಂದೆ ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ನಿದ್ರೆಗೂ ಬಿಡುವಿಲ್ಲದ ದುಡಿಮೆಯನ್ನು ಕಂಡನು. ಎರಡು ಅಂಗಡಿಗಳು, ಎರಡು ಬಗೆಯ ಒಡೆತನ. ಅವುಗಳ ನಡುವೆ ಆಳುಗಳ ಮನಸ್ಸು ಹೇಗೆ ಬೇರೆಯಾಗುವುದೆಂಬುದನ್ನು ಅವನು ತನ್ನ ಮೈಯಿಂದಲೇ ಅರಿತನು.

ಆ ಕಾಲಕ್ಕೆ ಮ್ಯಾಂಚೆಸ್ಟರ್ ಪಟ್ಟಣವು ಹತ್ತಿಯ ಗಿರಣಿಗಳ ತವರಾಗುತ್ತಿತ್ತು. ಓವೆನನು ಅಲ್ಲಿಗೆ ಬಂದು, ಅಣ್ಣನಿಂದ ನೂರು ಪೌಂಡು ಸಾಲವನ್ನು ಪಡೆದು, ನೂಲುವ ಯಂತ್ರಗಳನ್ನು ಮಾಡುವ ಕಸುಬಿಗೆ ಪಾಲುಗಾರನಾದನು. ಇಪ್ಪತ್ತರ ಆಸುಪಾಸಿನಲ್ಲಿ ಡ್ರಿಂಕ್‌ವಾಟರ್ ಎಂಬ ಧನಿಕನ ಗಿರಣಿಗೆ ಮೇಲಾಳಾಗಿ ನೇಮಕವಾದನು. ಅವನ ಕೈಕೆಳಗೆ ಐನೂರು ಮಂದಿ ಕೆಲಸಗಾರರು. ಅವರಲ್ಲಿ ಹಲವರು ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ಅವನಿಗಿಂತ ಹಿರಿಯರು. ಹೊಸ ಅಧಿಕಾರಿಯು ಬಂದ ದಿನವೇ ಅಪ್ಪಣೆಗಳನ್ನು ಹೊರಡಿಸುವುದು ಲೋಕದ ರೂಢಿ. ಓವೆನನು ಹಾಗೆ ಮಾಡಲಿಲ್ಲ. ಆರು ವಾರಗಳವರೆಗೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ರಾತ್ರಿ ಎಲ್ಲರಿಗಿಂತ ಕೊನೆಗೆ ಹೋಗಿ, ಕೇಳಿದವರಿಗೆ ಹೌದು ಅಲ್ಲ ಎನ್ನುವಷ್ಟು ಮಾತ್ರ ಉತ್ತರವನ್ನು ಕೊಡುತ್ತ, ಯಂತ್ರಗಳನ್ನೂ ಜನರನ್ನೂ ನೋಡುತ್ತ ಉಳಿದನು. ಆಮೇಲೆ ಅವನು ಕೊಟ್ಟ ಅಪ್ಪಣೆಗಳು ಕೆಲವೇ. ಆದರೆ ಅವು ಜನರನ್ನು ಅರಿತು ಕೊಟ್ಟವಾದ್ದರಿಂದ ಪಾಲನೆಯಾದವು. ಯಂತ್ರಕ್ಕೆ ಎಣ್ಣೆ ಬಿಡಲು, ತುಕ್ಕು ಹಿಡಿಯದಂತೆ ಕಾಪಾಡಲು ಹಣವನ್ನು ವೆಚ್ಚಮಾಡುವ ಧನಿಕರು ಅದೇ ಯಂತ್ರದ ಮುಂದೆ ನಿಂತ ಜೀವಂತ ಮನುಷ್ಯನ ಪಾಡನ್ನು ಏಕೆ ನೋಡುವುದಿಲ್ಲವೆಂಬ ಪ್ರಶ್ನೆಯು ಅವನಲ್ಲಿ ಬೇರೂರಿ, ಮುಂದೆ ಅವನ ಬರಹಗಳಲ್ಲಿ ಮತ್ತೆ ಮತ್ತೆ ತಲೆದೋರಿತು.

ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಜಲಪಾತಗಳ ಬಳಿ, ಆಳವಾದ ಕಣಿವೆಯಲ್ಲಿ, ನ್ಯೂ ಲ್ಯಾನಾರ್ಕ್ ಎಂಬ ಗಿರಣಿಯೂರು ಇತ್ತು. ನೀರಿನ ಬಲದಿಂದ ನಡೆಯುವ ಆ ಗಿರಣಿಗಳನ್ನು ಕಟ್ಟಿಸಿದವನು ಡೇವಿಡ್ ಡೇಲ್ ಎಂಬ ಧರ್ಮಭೀರುವಾದ ವರ್ತಕನು. ೧೭೯೯ರಲ್ಲಿ ಓವೆನನು ತನ್ನ ಪಾಲುಗಾರರೊಡಗೂಡಿ ಅವುಗಳನ್ನು ೬೦,೦೦೦ ಪೌಂಡುಗಳಿಗೆ ಕೊಂಡುಕೊಂಡನು. ಅದೇ ವರ್ಷ ಡೇಲನ ಮಗಳಾದ ಕ್ಯಾರೊಲೈನಳನ್ನು ಮದುವೆಯಾದನು. ೧೮೦೦ನೆಯ ಇಸವಿಯ ಮೊದಲ ದಿನ ಊರಿನ ಆಡಳಿತವು ಅವನ ಕೈಗೆ ಬಂದಿತು. ಆಗ ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ಅವರಲ್ಲಿ ನಾನೂರು ಐನೂರು ಮಂದಿ ಎಡಿನ್‌ಬರೋ, ಗ್ಲಾಸ್ಗೋ ಪಟ್ಟಣಗಳ ಅನಾಥಾಲಯಗಳಿಂದ ತಂದ ಮಕ್ಕಳು. ಆರೇಳು ವರ್ಷದ ಕೂಸುಗಳೂ ಇದ್ದವು. ಡೇಲನು ಅವರಿಗೆ ಉಣಿಸು ಉಡುಗೆಗಳನ್ನು ಚೆನ್ನಾಗಿಯೇ ಕೊಟ್ಟಿದ್ದನು, ಪಾಠದ ಏರ್ಪಾಡನ್ನೂ ಮಾಡಿದ್ದನು. ಆದರೆ ಬೆಳಗಿನ ಆರು ಗಂಟೆಯಿಂದ ಸಂಜೆಯ ಏಳರವರೆಗೆ ಗಿರಣಿಯಲ್ಲಿ ನಿಂತ ಮಗುವಿನ ತಲೆಗೆ ರಾತ್ರಿಯ ಪಾಠ ಹತ್ತುವುದೆಂತು? ಒಳ್ಳೆಯ ಮನಸ್ಸೊಂದೇ ಸಾಲದು, ಏರ್ಪಾಡೂ ಒಳ್ಳೆಯದಿರಬೇಕೆಂಬುದಕ್ಕೆ ಆ ಮಕ್ಕಳೇ ಸಾಕ್ಷಿಯಾಗಿದ್ದರು.

ಇನ್ನು ಬೆಳೆದವರ ಪಾಡು ಬೇರೆ. ಕಣಿವೆಯ ಗಿರಣಿಗೆ ಮಾನವಂತರು ಮನಸ್ಸಿನಿಂದ ಬರುತ್ತಿರಲಿಲ್ಲ. ಬೇರೆಲ್ಲಿಯೂ ನೆಲೆ ದೊರೆಯದವರು ಬಂದು ಸೇರಿದ್ದರು. ಕಳವು, ಕುಡಿತ, ಸುಳ್ಳು, ಮತಭೇದದ ಜಗಳ ಇವು ನಿತ್ಯದ ಸಂಗತಿಗಳು. ಹೊಸ ಒಡೆಯನು ಪರಸೀಮೆಯವನು, ಅವನ ಮಾತಿನ ಧಾಟಿಯೇ ಬೇರೆ. ಆದಕಾರಣ ಅವನು ತಂದ ಪ್ರತಿಯೊಂದು ಬದಲಾವಣೆಯಲ್ಲಿಯೂ ಜನರು ಮೋಸವನ್ನೇ ಶಂಕಿಸಿದರು. ಆಗ ಓವೆನನ ಮುಂದೆ ಎರಡು ದಾರಿಗಳಿದ್ದವು. ಕಳ್ಳರನ್ನು ಹಿಡಿದು ನ್ಯಾಯಾಸ್ಥಾನಕ್ಕೆ ಒಪ್ಪಿಸುವುದು ಒಂದು. ಆ ಕಾಲದ ಕಾನೂನು ಅತಿ ಕ್ರೂರವಾಗಿತ್ತು, ಸಣ್ಣ ಕಳವಿಗೂ ದೇಶಭ್ರಷ್ಟತೆಯ ಶಿಕ್ಷೆ ಇತ್ತು. ಕಳ್ಳತನಕ್ಕೆ ಎಡೆಯೇ ದೊರೆಯದಂತೆ ಲೆಕ್ಕಪತ್ರಗಳನ್ನೂ ಸರಕಿನ ಕಾವಲನ್ನೂ ಸರಿಪಡಿಸುವುದು ಮತ್ತೊಂದು. ಅವನು ಎರಡನೆಯದನ್ನು ಹಿಡಿದನು. ಯಾರನ್ನೂ ಸೆರೆಮನೆಗೆ ಕಳಿಸಲಿಲ್ಲ. ಕದಿಯುವುದು ಕಠಿನವಾಗಿ, ನೆಟ್ಟಗೆ ನಡೆಯುವುದು ಸುಲಭವಾದಾಗ ಜನರು ಮೆಲ್ಲಮೆಲ್ಲನೆ ನೆಟ್ಟಗೆ ನಡೆಯತೊಡಗಿದರು.

ಕುಡಿತದ ವಿಷಯದಲ್ಲಿಯೂ ಅವನದು ಇದೇ ನೀತಿ. ಊರಿನೊಳಗಿನ ಅಂಗಡಿಗಳು ಕೀಳು ಸರಕನ್ನು ಹೆಚ್ಚಿನ ಬೆಲೆಗೆ ಉದ್ದರಿ ಕೊಟ್ಟು, ಸೆರೆಯನ್ನೂ ಮಾರಿ, ದುಡಿಯುವವರನ್ನು ಸಾಲದಲ್ಲಿ ಮುಳುಗಿಸುತ್ತಿದ್ದವು. ಓವೆನನು ಗಿರಣಿಯ ವತಿಯಿಂದಲೇ ಅಂಗಡಿಯನ್ನು ತೆರೆದು, ಒಳ್ಳೆಯ ದವಸ ಬಟ್ಟೆಗಳನ್ನು ಸಗಟಾಗಿ ತರಿಸಿ, ಅಸಲು ಬೆಲೆಗೆ ತುಸು ಮಾತ್ರ ಮೇಲಿಟ್ಟು ಮಾರಿಸಿದನು. ಬಂದ ಲಾಭವನ್ನು ಶಾಲೆಗೆ ವಿನಿಯೋಗಿಸಿದನು. ಸೆರೆಯ ಮಾರಾಟವನ್ನು ಹತೋಟಿಗೆ ತಂದನು. ಮನೆಗಳಿಗೆ ಕೋಣೆಗಳನ್ನು ಕೂಡಿಸಿದನು. ಬೀದಿಯ ತಿಪ್ಪೆಗಳನ್ನು ತೆಗೆಸಿದನು. ಕೂಲಿಯ ಅರವತ್ತನೆಯ ಒಂದು ಪಾಲನ್ನು ಎಲ್ಲರಿಂದ ಕೂಡಿಸಿ, ರೋಗಿಗಳಿಗೂ ಮುದುಕರಿಗೂ ನೆರವಾಗುವ ನಿಧಿಯನ್ನು ನಿಲ್ಲಿಸಿದನು. ಮನೆಯ ಚೊಕ್ಕಟವನ್ನು ನೋಡಲು ಬಂದವರಿಗೆ ಕೆಲವು ಗೃಹಿಣಿಯರು ಕದವಿಕ್ಕಿದ್ದೂ ಉಂಟು. ಪರರು ಬಂದು ತಮ್ಮ ಒಲೆಯ ಮೂಲೆಯನ್ನು ಪರೀಕ್ಷಿಸುವುದು ಯಾರಿಗೆ ತಾನೆ ಸೈರಣೆಯಾದೀತು? ಹಿತವನ್ನು ಮಾಡುವವನೂ ಮತ್ತೊಬ್ಬರ ಮಾನವನ್ನು ಕಾಯ್ದು ಮಾಡಬೇಕೆಂಬ ಪಾಠವು ಓವೆನನಿಗೂ ಹೊಸದಾಗಿತ್ತು.

ಗಿರಣಿಯಲ್ಲಿ ಅವನು ತಂದ ಒಂದು ವಿಚಿತ್ರವಾದ ಏರ್ಪಾಡು ಲೋಕಪ್ರಸಿದ್ಧವಾಗಿದೆ. ಪ್ರತಿಯೊಬ್ಬ ಕೆಲಸಗಾರನ ಸಮೀಪದಲ್ಲಿ ಎರಡು ಅಂಗುಲ ಉದ್ದದ ನಾಲ್ಕು ಮುಖದ ಮರದ ತುಂಡೊಂದನ್ನು ತೂಗಹಾಕಲಾಯಿತು. ಒಂದು ಮುಖಕ್ಕೆ ಕಪ್ಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ ಬಣ್ಣ. ಹಿಂದಿನ ದಿನದ ನಡತೆಯು ಕೆಟ್ಟದಾಗಿದ್ದರೆ ಕಪ್ಪು ಮುಖವು ಹೊರಗೆ ಕಾಣುವುದು; ಸಾಧಾರಣವಾಗಿದ್ದರೆ ನೀಲಿ, ಒಳ್ಳೆಯದಾಗಿದ್ದರೆ ಹಳದಿ, ಅತ್ಯುತ್ತಮವಾಗಿದ್ದರೆ ಬಿಳಿ. ಇದನ್ನು ಮೂಕ ಮೇಲ್ವಿಚಾರಕನೆಂದು ಕರೆಯುತ್ತಿದ್ದರು. ತನಗೆ ಅನ್ಯಾಯವಾಯಿತೆಂದು ತೋರಿದವನು ನೇರವಾಗಿ ಓವೆನನ ಬಳಿಗೆ ಹೋಗಿ ದೂರಬಹುದಾಗಿತ್ತು. ಓವೆನನು ಗಿರಣಿಯಲ್ಲಿ ನಡೆದುಹೋಗುವಾಗ ಮರದ ತುಂಡನ್ನೂ ಮನುಷ್ಯನ ಮುಖವನ್ನೂ ನೋಡುವನು. ಕಪ್ಪು ಕಂಡರೂ ಒಂದು ಮಾತನ್ನೂ ಆಡನು. ಬೈಗುಳವಿಲ್ಲ, ದಂಡವಿಲ್ಲ, ಪೆಟ್ಟಿಲ್ಲ. ಮೊದಲಲ್ಲಿ ಕಪ್ಪೇ ಹೆಚ್ಚಾಗಿ ಕಾಣುತ್ತಿದ್ದ ಸಾಲುಗಳಲ್ಲಿ ಬರಬರುತ್ತ ನೀಲಿ, ಹಳದಿ, ಕೊನೆಗೆ ಬಿಳಿ ಬಣ್ಣವು ತೋರತೊಡಗಿತು. ತನ್ನ ನಡತೆಯನ್ನು ತಾನೇ ದಿನವೂ ಕಣ್ಣೆದುರು ಕಾಣುವವನಿಗೆ ತಿದ್ದಿಕೊಳ್ಳುವ ಆಸೆ ಹುಟ್ಟುವುದು ಸಹಜ. ಆದರೆ ನೆರೆಯವರ ಕಣ್ಣಿಗೆ ಅಂಜಿ ಮಾತ್ರ ನೆಟ್ಟಗಿರುವುದು ಶೀಲವಲ್ಲ. ಬಣ್ಣದ ತುಂಡನ್ನು ತೆಗೆದ ಮೇಲೆಯೂ ನಡತೆ ಉಳಿದೀತೇ ಎಂಬ ಪ್ರಶ್ನೆಗೆ ಆ ತುಂಡಿನಲ್ಲಿ ಉತ್ತರವಿರಲಿಲ್ಲ.

ಜನರ ನಂಬಿಕೆಯನ್ನು ಗಳಿಸಿದುದು ಮರದ ತುಂಡಲ್ಲ, ಕಷ್ಟಕಾಲದ ಒಂದು ನಡತೆ. ಅಮೆರಿಕ ದೇಶವು ತನ್ನ ಬಂದರುಗಳಿಂದ ಹತ್ತಿಯು ಹೊರಡದಂತೆ ತಡೆದಾಗ ಹತ್ತಿಯ ಬೆಲೆಯು ಗಗನಕ್ಕೇರಿ ಹಲವು ಗಿರಣಿಗಳು ಮುಚ್ಚಿದವು. ಕೂಲಿಗಾರರು ಬೀದಿಗೆ ಬಿದ್ದರು. ಓವೆನನೂ ನೂಲುವುದನ್ನು ನಿಲ್ಲಿಸಿದನು. ಆದರೆ ಯಂತ್ರಗಳನ್ನು ಒರೆಸಿ ಚೊಕ್ಕಟವಾಗಿಡುವ ಕೆಲಸವೊಂದನ್ನೇ ಒಪ್ಪಿಸಿ, ನಾಲ್ಕು ತಿಂಗಳವರೆಗೆ ಎಲ್ಲರಿಗೂ ಪೂರ್ಣ ಕೂಲಿಯನ್ನು ಕೊಟ್ಟನು. ಅದಕ್ಕೆ ತಗುಲಿದ ವೆಚ್ಚವು ೭,೦೦೦ ಪೌಂಡಿಗೂ ಮಿಕ್ಕಿತು. ಆರು ವರ್ಷ ಉಪದೇಶದಿಂದ ಆಗದಿದ್ದ ಕಾರ್ಯವು ನಾಲ್ಕು ತಿಂಗಳ ಅನ್ನದಿಂದ ಆಯಿತು. ಪರಸೀಮೆಯ ಒಡೆಯನು ತಮ್ಮವನೆಂದು ಜನರು ಅಂದು ಅರಿತರು.

ಪಾಲುಗಾರರಿಗೆ ಮಾತ್ರ ಈ ವೆಚ್ಚಗಳು ಹಿಡಿಸಲಿಲ್ಲ. ಶಾಲೆಗೂ ಮನೆಗಳಿಗೂ ಹಣ ಸುರಿಯುವುದು ವ್ಯಾಪಾರವಲ್ಲವೆಂದು ಅವರ ವಾದ. ಕೊನೆಗೆ ೧೮೧೩ರಲ್ಲಿ ಗಿರಣಿಗಳು ಹರಾಜಿಗೆ ಬಂದವು. ಓವೆನನು ತತ್ತ್ವಜ್ಞಾನಿಯಾದ ಜೆರೆಮಿ ಬೆಂಥಾಮ್, ಕ್ವೇಕರ್ ಪಂಥದ ವಿಲಿಯಂ ಅಲೆನ್ ಮೊದಲಾದ ಹೊಸ ಪಾಲುಗಾರರನ್ನು ಕೂಡಿಸಿಕೊಂಡು ೧,೧೪,೧೦೦ ಪೌಂಡುಗಳಿಗೆ ಹರಾಜನ್ನು ಹಿಡಿದನು. ಬಂಡವಾಳಕ್ಕೆ ನೂರಕ್ಕೆ ಐದರಂತೆ ಮಾತ್ರ ಪ್ರತಿಫಲವನ್ನು ತೆಗೆದುಕೊಂಡು, ಮಿಕ್ಕುದನ್ನು ಜನರ ವಿದ್ಯೆಗೂ ಏಳಿಗೆಗೂ ಬಿಡುವುದೆಂದು ಹೊಸ ಕರಾರು. ಓವೆನನು ಹಿಂದಿರುಗುವಾಗ ಕೆಲಸಗಾರರು ಊರ ಹೊರಗೇ ಎದುರುಗೊಂಡು, ಅವನ ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಗಾಡಿಯನ್ನು ಎಳೆದುತಂದರು. ಹದಿಮೂರು ವರ್ಷಗಳ ಹಿಂದೆ ಇವನನ್ನು ಶಂಕಿಸಿದ ಊರು ಇದೇ.

ಅದೇ ವರ್ಷದಿಂದ ಓವೆನನು ಸಮಾಜದ ಹೊಸ ನೋಟವೆಂಬ ಅರ್ಥದ ಹೆಸರಿನಲ್ಲಿ ನಾಲ್ಕು ಪ್ರಬಂಧಗಳನ್ನು ಹೊರತರತೊಡಗಿದನು. ಮನುಷ್ಯನ ಶೀಲವು ಅವನೇ ಮಾಡಿಕೊಂಡದ್ದಲ್ಲ, ಹುಟ್ಟಿನಿಂದ ಬಂದ ಕಸುವೂ ಬೆಳೆದ ಪರಿಸರವೂ ಕೂಡಿ ಅದನ್ನು ಅವನಿಗಾಗಿ ಮಾಡಿಕೊಡುವವು ಎಂಬುದು ಅವುಗಳ ತಿರುಳು. ಹಾಗಾದರೆ ಶಿಕ್ಷಿಸುವುದಕ್ಕಿಂತ ಮೊದಲು ಪರಿಸರವನ್ನು ತಿದ್ದಬೇಕು. ತಿದ್ದುವುದನ್ನು ತೊಟ್ಟಿಲಿನಿಂದಲೇ ಮೊದಲುಮಾಡಬೇಕು. ಈ ಮಾತನ್ನು ಕಾರ್ಯಕ್ಕೆ ತರಲು ೧೮೧೬ರ ಜನವರಿ ೧ರಂದು ನ್ಯೂ ಲ್ಯಾನಾರ್ಕಿನಲ್ಲಿ ಶೀಲನಿರ್ಮಾಣ ಮಂದಿರವನ್ನು ತೆರೆದನು. ನಡೆಯಲು ಬಂದ ಕೂಸುಗಳಿಗೆಲ್ಲ ಅಲ್ಲಿ ಪ್ರವೇಶ. ಶಿಶುಗಳ ಮೊದಲ ಗುರುಗಳಾಗಿ ಅವನು ಆರಿಸಿದುದು ಪಂಡಿತರನ್ನಲ್ಲ. ಜೇಮ್ಸ್ ಬುಕ್ಯಾನನ್ ಎಂಬ ಬಡ ನೇಕಾರನನ್ನೂ ಮಾಲಿ ಯಂಗ್ ಎಂಬ ಹದಿನೇಳರ ಹುಡುಗಿಯನ್ನೂ ಆರಿಸಿದನು. ಮಕ್ಕಳಲ್ಲಿ ಅಕ್ಕರೆ, ಕೊನೆಯಿಲ್ಲದ ತಾಳ್ಮೆ, ಇವೆರಡೇ ಅವನು ಕೇಳಿದ ಯೋಗ್ಯತೆ. ಮಗುವನ್ನು ಹೊಡೆಯಕೂಡದು, ಬೆದರಿಸಕೂಡದು, ಕಟುವಾದ ನುಡಿಯನ್ನಾಡಕೂಡದು. ಜೊತೆಯ ಮಗುವನ್ನು ಸಂತೋಷಪಡಿಸುವುದೇ ತನ್ನ ಕೆಲಸವೆಂದು ಪ್ರತಿಯೊಂದು ಮಗುವಿಗೂ ತಿಳಿಸಬೇಕು ಎಂಬುದು ಅಲ್ಲಿಯ ಕಟ್ಟಳೆ. ಪುಸ್ತಕದ ಭಾರವಿಲ್ಲದೆ ಚಿತ್ರ, ಭೂಪಟ, ತೋಟದ ಗಿಡಬಳ್ಳಿ ಇವುಗಳಿಂದ ಪಾಠ ನಡೆಯುತ್ತಿತ್ತು. ಹಾಡುವುದು ಕುಣಿಯುವುದೂ ಇದ್ದವು. ಹತ್ತು ವರ್ಷ ತುಂಬದ ಮಕ್ಕಳು ಗಿರಣಿಗೆ ಬರುವಂತಿಲ್ಲ. ಅನಾಥ ಮಕ್ಕಳನ್ನು ಹೊಸದಾಗಿ ತರಿಸುವ ಪದ್ಧತಿಯೂ ನಿಂತಿತು. ದೊಡ್ಡವರ ದುಡಿಮೆಯ ಹೊತ್ತು ದಿನಕ್ಕೆ ಹನ್ನೊಂದು ಗಂಟೆಗಿಂತ ಕೆಳಗೆ ಇಳಿಯಿತು. ಇಷ್ಟೆಲ್ಲ ಮಾಡಿಯೂ ಗಿರಣಿಯು ಲಾಭದಲ್ಲಿಯೇ ನಡೆಯಿತು. ಅದನ್ನು ನೋಡಲು ದೇಶದೇಶಗಳಿಂದ ಸಾವಿರಾರು ಜನರು ಬಂದರು. ಮುಂದೆ ರಷ್ಯದ ಚಕ್ರವರ್ತಿಯಾದ ನಿಕೋಲಸನೂ ಬಂದವರಲ್ಲಿ ಒಬ್ಬನು.

ತನ್ನ ಊರಿನಲ್ಲಿ ಸಾಧ್ಯವಾದದ್ದು ನಾಡಿಗೆಲ್ಲ ಏಕೆ ಸಾಧ್ಯವಾಗದೆಂದು ಓವೆನನು ಪಾರ್ಲಿಮೆಂಟಿನ ಬಾಗಿಲನ್ನು ಬಡಿದನು. ಅವನ ಒತ್ತಾಯದ ಫಲವಾಗಿ ೧೮೧೯ರಲ್ಲಿ ಒಂದು ಕಾಯಿದೆ ಬಂದಿತು. ಹತ್ತಿಯ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಹದಿನಾರರೊಳಗಿನವರನ್ನು ದಿನಕ್ಕೆ ಹನ್ನೆರಡು ಗಂಟೆ ಮೀರಿ ದುಡಿಸಬಾರದು ಎಂಬುದಷ್ಟೇ ಅದರ ಸಾರ. ಪರೀಕ್ಷಿಸಲು ಸಂಬಳದ ಅಧಿಕಾರಿಗಳೂ ಇರಲಿಲ್ಲ. ಅವನು ಬೇಡಿದುದಕ್ಕೆ ಇದು ಬಹಳ ಕಡಿಮೆ. ಆದರೂ ಮುಂದಿನ ಕಾಯಿದೆಗಳಿಗೆ ಮೆಟ್ಟಿಲಾಯಿತು.

ಈ ನಡುವೆ ೧೮೧೭ರಲ್ಲಿ ಲಂಡನ್ನಿನ ಬಹಿರಂಗ ಸಭೆಯೊಂದರಲ್ಲಿ ಓವೆನನು ಲೋಕದ ಎಲ್ಲ ಮತಗಳನ್ನೂ ಖಂಡಿಸಿ ಮಾತಾಡಿದನು. ಮನುಷ್ಯನ ನಡತೆಗೆ ಮನುಷ್ಯನೊಬ್ಬನನ್ನೇ ಹೊಣೆಮಾಡಿ, ಒಬ್ಬರನ್ನೊಬ್ಬರು ದ್ವೇಷಿಸುವಂತೆ ಅವು ಮಾಡಿವೆಯೆಂಬುದು ಅವನ ಆಕ್ಷೇಪ. ಅದುವರೆಗೆ ಅವನ ಬೆನ್ನಿಗಿದ್ದ ಗಣ್ಯರಲ್ಲಿ ಹಲವರು ದೂರ ಸರಿದರು. ಶಾಲೆಯ ಹಾಡು ಕುಣಿತಗಳು ಸಲ್ಲವೆಂದು ಪಾಲುಗಾರನಾದ ಅಲೆನನೂ ಹಟ ಹಿಡಿದನು. ಜನರ ನಂಬಿಕೆಯೂ ಅವರ ಪರಿಸರದ ಒಂದು ಭಾಗವೇ, ಅದನ್ನು ಒಂದೇ ಏಟಿಗೆ ಕಡಿಯಹೋದರೆ ಜನರೇ ಕಡಿದುಹೋಗುವರೆಂಬುದನ್ನು, ಪರಿಸರದ ಬಲವನ್ನು ಅಷ್ಟು ಅರಿತವನೇ ಮರೆತಿದ್ದನು.

ಆಗ ಅವನ ಮನಸ್ಸು ಹೊಸ ಭೂಮಿಯ ಕಡೆಗೆ ಹರಿಯಿತು. ಅಮೆರಿಕದ ಇಂಡಿಯಾನ ಪ್ರಾಂತದಲ್ಲಿ ವಾಬಾಷ್ ನದಿಯ ದಡದ ಮೇಲೆ ಜರ್ಮನ್ ಭಕ್ತರ ಸಮುದಾಯವೊಂದು ಕಟ್ಟಿ ಬೆಳೆಸಿದ್ದ ಊರನ್ನು, ಸುಮಾರು ೨೦,೦೦೦ ಎಕರೆ ಭೂಮಿಯೊಡನೆ, ೧೮೨೫ರಲ್ಲಿ ಕೊಂಡುಕೊಂಡನು. ಅದಕ್ಕೆ ನ್ಯೂ ಹಾರ್ಮನಿ, ಅಂದರೆ ಹೊಸ ಸಾಮರಸ್ಯ, ಎಂದು ಹೆಸರಾಯಿತು. ಎಲ್ಲರೂ ಕೂಡಿ ದುಡಿದು ಎಲ್ಲರೂ ಸಮನಾಗಿ ಉಣ್ಣುವ ಸಮಾಜವೊಂದು ಅಲ್ಲಿ ಬೆಳೆಯಬೇಕೆಂಬುದು ಅವನ ಕನಸು. ಕರೆಯನ್ನು ಕೇಳಿ ಕೆಲವೇ ತಿಂಗಳಲ್ಲಿ ಎಂಟುನೂರಕ್ಕೂ ಮಿಕ್ಕಿ ಜನರು ಬಂದು ತುಂಬಿದರು. ಆರಿಸಿ ಕರೆದವರಲ್ಲ, ಬಂದವರೆಲ್ಲ ಸೇರಿದವರು. ಅವರಲ್ಲಿ ವಿದ್ವಾಂಸರಿದ್ದರು, ಆದರ್ಶವಾದಿಗಳಿದ್ದರು, ಕುಳಿತು ಉಣ್ಣಲು ಬಂದವರೂ ಇದ್ದರು. ನೇಗಿಲನ್ನೂ ಮಗ್ಗವನ್ನೂ ಬಲ್ಲವರು ಸಾಕಷ್ಟು ಇರಲಿಲ್ಲ. ಓವೆನನು ಊರನ್ನು ಮಗನ ಕೈಗೊಪ್ಪಿಸಿ ಬ್ರಿಟನ್ನಿಗೆ ಹೋದವನು ೧೮೨೬ರ ಜನವರಿಯವರೆಗೆ ತಿರುಗಿ ಬರಲಿಲ್ಲ. ಬಂದು ಹೊಸ ಕಟ್ಟಳೆಯನ್ನು ಹೊರಡಿಸಿದನು. ಅದು ನಿಲ್ಲಲಿಲ್ಲ, ಮತ್ತೊಂದು ಬಂದಿತು. ಯಾರು ಎಷ್ಟು ದುಡಿದರು, ಯಾರು ಎಷ್ಟು ಉಂಡರು ಎಂಬ ತಕರಾರಿನಲ್ಲಿ ಊರು ತುಂಡುತುಂಡಾಯಿತು. ೧೮೨೭ರಲ್ಲಿ ಪ್ರಯೋಗವು ಮುಗಿಯಿತು. ಓವೆನನ ಆಸ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅದರೊಡನೆ ಕರಗಿತು.

ಎರಡು ಊರುಗಳನ್ನು ಹೋಲಿಸಿ ನೋಡಿದರೆ ಕಾರಣವು ತಾನೇ ಕಾಣುವುದು. ಮೊದಲ ಊರಿನಲ್ಲಿ ಜನರು ಕೆಟ್ಟವರೆಂದು ಹೆಸರಾದವರು, ಆದರೆ ಕೈಯಲ್ಲಿ ಕಸುಬಿತ್ತು. ಒಡೆಯನು ಕಾಲು ಶತಮಾನ ಕಣ್ಣೆದುರಿಗಿದ್ದು, ದಿನಕ್ಕೊಂದಿಷ್ಟು ತಿದ್ದಿದನು. ಎರಡನೆಯ ಊರಿನಲ್ಲಿ ಮಾತು ಬಲ್ಲವರು ಬಂದರು. ಅವರಿಗೆ ಹೊಸ ಮನೆ, ಹೊಸ ಭೂಮಿ, ಹೊಸ ಕಟ್ಟಳೆ ಎಲ್ಲವೂ ದೊರೆಯಿತು, ಹಳೆಯ ಅಭ್ಯಾಸಗಳನ್ನು ಮಾತ್ರ ಯಾರೂ ಹೊರಗಿಟ್ಟು ಬಂದಿರಲಿಲ್ಲ. ಅದೇ ನೆಲದಲ್ಲಿ ಹಿಂದೆ ಇದ್ದ ಜರ್ಮನ್ ಭಕ್ತರು ಸಮೃದ್ಧಿಯಿಂದ ಬಾಳಿದ್ದರು. ಅವರನ್ನು ಬಿಗಿದಿದ್ದುದು ಒಂದೇ ನಂಬಿಕೆ, ಒಂದೇ ದುಡಿಮೆ. ಆದುದರಿಂದ ನೆಲ ಮಾತ್ರ ಸಾಲದು. ನೆಲದ ಮೇಲೆ ನಿಂತವರಲ್ಲಿ ಒಳಗಿನ ಒಪ್ಪಿಗೆಯೂ ಬೇಕು.

ಈ ಸಾಹಸಗಳ ಬೆಲೆಯನ್ನು ಅವನ ಮನೆಯೂ ತೆತ್ತಿತು. ಕ್ಯಾರೊಲೈನಳು ದೈವಭಕ್ತಳಾದ ಸಾಧ್ವಿ. ಗಂಡನ ಮತವಿಚಾರಗಳು ಅವಳಿಗೆ ನೋವನ್ನು ತಂದವು. ಅವನು ಊರೂರು ಅಲೆಯುವಾಗ ಅವಳು ಹೆಣ್ಣುಮಕ್ಕಳೊಡನೆ ಸ್ಕಾಟ್ಲೆಂಡಿನಲ್ಲಿಯೇ ಉಳಿದಳು, ೧೮೩೧ರಲ್ಲಿ ತೀರಿಕೊಂಡಳು. ಸಾವಿರಾರು ಮಕ್ಕಳ ಶೀಲಕ್ಕೆ ಪರಿಸರವನ್ನು ಕಟ್ಟಿದವನು ತನ್ನ ಮನೆಯೆಂಬ ಪರಿಸರಕ್ಕೆ ದೂರದವನಾದುದು ಅವನ ಬಾಳಿನ ಕರುಣಾಜನಕ ಭಾಗ. ಆದರೂ ಅವನ ಗಂಡುಮಕ್ಕಳು ಅಮೆರಿಕದಲ್ಲಿ ನೆಲೆಸಿ ಹೆಸರಾದರು. ಹಿರಿಯನಾದ ರಾಬರ್ಟ್ ಡೇಲ್ ಓವೆನನು ಅಲ್ಲಿಯ ಕಾಂಗ್ರೆಸ್ಸಿನ ಸದಸ್ಯನಾದನು, ಡೇವಿಡನು ಭೂಗರ್ಭಶಾಸ್ತ್ರಜ್ಞನಾದನು.

ಹಣ ಹೋದರೂ ಓವೆನನ ಛಲ ಹೋಗಲಿಲ್ಲ. ೧೮೩೨ರಲ್ಲಿ ಲಂಡನ್ನಿನಲ್ಲಿ, ದುಡಿದ ಹೊತ್ತನ್ನೇ ಬೆಲೆಯಾಗಿ ಎಣಿಸಿ ಸರಕನ್ನು ವಿನಿಮಯ ಮಾಡುವ ಪೇಟೆಯನ್ನು ತೆರೆದನು. ಅದು ಎರಡು ವರ್ಷ ನಡೆದು ನಿಂತಿತು. ೧೮೩೪ರಲ್ಲಿ ದೇಶದ ಕೂಲಿಕಾರರ ಮಹಾಸಂಘಕ್ಕೆ ಮುಂದಾಳಾದನು, ಅದೂ ಬಾಳಲಿಲ್ಲ. ಆದರೆ ಅವನ ವಿಚಾರಗಳನ್ನು ಮೆಚ್ಚಿದ ಕೆಲವರೂ ಕೂಡಿಕೊಂಡು, ೧೮೪೪ರ ಡಿಸೆಂಬರಿನಲ್ಲಿ ರಾಚ್‌ಡೇಲ್ ಎಂಬ ಊರಿನ ಬಡ ನೇಕಾರರೂ ಕುಶಲಕರ್ಮಿಗಳೂ ಚಿಕ್ಕದೊಂದು ಕೂಡು ಅಂಗಡಿಯನ್ನು ತೆರೆದರು. ಕಲಬೆರಕೆಯಿಲ್ಲದ ಸರಕು, ನಗದು ವ್ಯಾಪಾರ, ಕೊಂಡಷ್ಟಕ್ಕೆ ಲಾಭದ ಪಾಲು, ಒಬ್ಬನಿಗೆ ಒಂದೇ ಮತ ಎಂಬ ಅವರ ಕಟ್ಟಳೆಗಳು ಲೋಕದ ಸಹಕಾರ ಚಳವಳಿಗೆ ಮಾದರಿಯಾದವು. ಆ ಚಳವಳಿಯು ಮುಂದೆ ಹಲವು ನಾಡುಗಳ ಅನುಭವಗಳನ್ನು ಕೂಡಿಸಿಕೊಳ್ಳುತ್ತ ಹರಿದು, ೧೯೦೪ರ ಕಾಯಿದೆಯ ಮೂಲಕ ಭಾರತಕ್ಕೂ ಬಂದಿತು. ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು.

ಕೊನೆಯ ವರ್ಷಗಳಲ್ಲಿ ಓವೆನನು ಸತ್ತವರ ಆತ್ಮಗಳೊಡನೆ ಸಂಭಾಷಿಸಬಹುದೆಂದು ನಂಬತೊಡಗಿ ಹಳೆಯ ಗೆಳೆಯರನ್ನು ಬೆರಗುಗೊಳಿಸಿದನು. ೧೮೫೮ರ ಶರತ್ಕಾಲದಲ್ಲಿ ಎಂಬತ್ತೇಳರ ಆ ವೃದ್ಧನು ಲಿವರ್‌ಪೂಲಿನ ಸಭೆಯೊಂದಕ್ಕೆ ಹೋಗಿ ವೇದಿಕೆಯ ಮೇಲೆಯೇ ಬಳಲಿದನು. ಚೇತರಿಸಿಕೊಂಡವನಿಗೆ ಹುಟ್ಟೂರನ್ನು ಕಾಣುವ ಬಯಕೆಯಾಯಿತು. ನ್ಯೂಟೌನಿನಲ್ಲಿಯೇ ನವೆಂಬರ್ ೧೭ರಂದು ಪ್ರಾಣವನ್ನು ಬಿಟ್ಟನು. ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ ಅವನ ದೇಹವು ಮಣ್ಣುಗೂಡಿತು. ನ್ಯೂ ಲ್ಯಾನಾರ್ಕಿನ ಗಿರಣಿಗಳು ೧೯೬೮ರವರೆಗೆ ನಡೆದು ನಿಂತವು. ೨೦೦೧ರಲ್ಲಿ ಆ ಊರು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಮನಸ್ಸಿನ ಶಾಸ್ತ್ರವು ಓವೆನನ ತರುವಾಯ ಬಹಳ ಮುಂದುವರಿದಿದೆ. ೧೯೩೬ರಲ್ಲಿ ಕುರ್ಟ್ ಲೆವಿನ್ ಎಂಬ ವಿದ್ವಾಂಸನು, ನಡತೆಯೆಂಬುದು ವ್ಯಕ್ತಿಯೂ ಪರಿಸರವೂ ಕೂಡಿ ಆಗುವುದೆಂದೂ, ಒಂದನ್ನು ಬಿಟ್ಟು ಇನ್ನೊಂದರಿಂದ ಅದನ್ನು ಅರಿಯಲಾಗದೆಂದೂ ಸೂತ್ರರೂಪದಲ್ಲಿ ನಿರೂಪಿಸಿದನು. ಓವೆನನು ಈ ಸೂತ್ರದ ಅರ್ಧವನ್ನು ಬಲವಾಗಿ ಹಿಡಿದನು, ಇನ್ನರ್ಧವನ್ನು ಬಾಯಿಂದ ಒಪ್ಪದೆ ಹೋದನು. ಮನುಷ್ಯನ ಶೀಲವನ್ನು ಪರಿಸರವೇ ಮಾಡುವುದೆಂದು ಸಾರಿದವನ ಬಾಳು, ಒಬ್ಬ ಮನುಷ್ಯನು ಪಟ್ಟುಹಿಡಿದರೆ ಪರಿಸರವನ್ನು ಎಷ್ಟು ಬದಲಿಸಬಲ್ಲನೆಂಬುದಕ್ಕೆ ನಿದರ್ಶನವಾಗಿ ನಿಂತಿತು. ಗಿರಣಿಯ ಹೊರಗೆ ಗಾಡಿಯನ್ನೆಳೆದ ಕೈಗಳು ಅದಕ್ಕೆ ಸಾಕ್ಷಿ.

ಗೃಹಸ್ಥನಾದವನು ಈ ಚರಿತೆಯಿಂದ ಎರಡು ತಕ್ಕಡಿಗಳನ್ನು ಪಡೆಯಬಹುದು. ಪರರ ತಪ್ಪನ್ನು ತೂಗುವಾಗ ಅವರು ಬೆಳೆದ ನೆಲವನ್ನೂ ತಟ್ಟೆಗೆ ಹಾಕಬೇಕು: ಆಳಿನ ಕೂಲಿ, ಮಗುವಿನ ಸಂಗ, ನೆರೆಯವನ ಬಡತನ ಇವುಗಳಲ್ಲಿ ತನ್ನ ಪಾಲೆಷ್ಟು ಎಂದು ಕೇಳಿಕೊಳ್ಳಬೇಕು. ತನ್ನ ತಪ್ಪನ್ನು ತೂಗುವಾಗ ಮಾತ್ರ ನೆಲದ ನೆಪವನ್ನು ಕೆಳಗಿಡಬೇಕು. ಲೋಕವು ಇವೆರಡನ್ನೂ ತಿರುಗಮುರುಗಾಗಿ ಹಿಡಿಯುವುದು; ಪರರಿಗೆ ದಂಡ, ತನಗೆ ನೆಪ. ಅದನ್ನು ನೆಟ್ಟಗೆ ಹಿಡಿದ ಮನೆಯಲ್ಲಿ ಬೆತ್ತಕ್ಕೆ ಕೆಲಸವಿರದು, ಮಕ್ಕಳ ಶೀಲಕ್ಕೆ ಕೊರತೆಯೂ ಬಾರದು.